ಚೀಟಿಯಲ್ಲಿದ್ದ ‘ಹೋಲ್ಡ್’

ಮಾರಂಡಹಳ್ಳಿ ಪಕ್ಕದ ಕನ್ನಡ ಮಾತಾಡುವ ಮನೆಗೆ ಕಡಯಂಪಟ್ಟಿಯಿಂದ ಸೊಸೆಯಾಗಿ ಬಂದ ವಾಣಿ ಪ್ಲಸ್ ಟೂ ಓದಿದ್ದು ತಮಿಳಿನಲ್ಲಿ. ಆದರೂ ಗೊಬ್ಬರದ ಚೀಲ, ಗ್ಯಾಸ್ ಪುಸ್ತಕ, ಆಸ್ಪತ್ರೆಯ ಕಾಗದ, ಇಂಗ್ಲಿಷಿನಲ್ಲಿ ಏನಿದ್ದರೂ ಎಲ್ಲರೂ ಅವಳ ಕೈಗೇ ಕೊಡುತ್ತಿದ್ದರು. ಗೊತ್ತಿಲ್ಲ ಎನ್ನಲು ಅವಳಿಗೆ ನಾಚಿಕೆ.

ಮಾವ ರಾಮಪ್ಪನಿಗೆ ಎದೆಬಡಿತ ತಪ್ಪುವ ಕಾಯಿಲೆ. ರಕ್ತ ತೆಳುವಾಗಿರಲೆಂದು ದಿನಕ್ಕೊಂದು ಮಾತ್ರೆ. ಈ ನಡುವೆ ಹರ್ನಿಯಾ ಬೇರೆ ಕಾಣಿಸಿಕೊಂಡಿತು. ಸೇಲಂನ ಆಸ್ಪತ್ರೆಯಲ್ಲಿ ಎರಡು ತಿಂಗಳು ಕಾದ ಮೇಲೆ ಒಂದು ಶುಕ್ರವಾರಕ್ಕೆ ಆಪರೇಷನ್ ಗೊತ್ತಾಯಿತು. ಬರುವಾಗ ಕೊಟ್ಟ ಚೀಟಿಯಲ್ಲಿ ಆ ಮಾತ್ರೆಯ ಹೆಸರು, ಅದರ ಮುಂದೆ ‘ಹೋಲ್ಡ್, ಐದು ದಿನ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ಏನು ಬರ್ದವ್ರೆ ವಾಣಿ?” ಅತ್ತೆ ಮಂಜುಳಮ್ಮ ಕೇಳಿದರು.

ಹೋಲ್ಡ್ ಎಂದರೆ ಹಿಡಿ. ಕೈ ಹಿಡಿ, ಹಗ್ಗ ಹಿಡಿ ಎಂದು ಆರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದಳು. “ಐದು ದಿನ ಬಿಡ್ದಂಗೆ ಇಡ್ದು ನುಂಗ್ಬೇಕಂತೆ ಅತ್ತೆ,” ಎಂದಳು.

ಭಾನುವಾರದಿಂದ ಬುಧವಾರದವರೆಗೆ ಒಂದು ದಿನವೂ ತಪ್ಪಿಸದೆ ತಾನೇ ಕೊಟ್ಟಳು.

ಗುರುವಾರ ಬೆಳಿಗ್ಗೆ ರಾಮಪ್ಪ ಜಗಲಿಯ ಮೇಲೆ ಕೂತು ಗಡ್ಡ ಹೆರೆದುಕೊಳ್ಳುವಾಗ ಗಲ್ಲದ ಕೆಳಗೆ ಬ್ಲೇಡು ತಾಗಿತು. ಸಾಸಿವೆಯಷ್ಟು ಗಾಯ. ಮಂಜುಳಮ್ಮ ಕಾಫಿಪುಡಿ ಒತ್ತಿದರು. ಪುಡಿ ನೆನೆದು ಕೆಳಗಿಳಿಯಿತು. ಟವೆಲ್ ಒತ್ತಿದರು. ಅರ್ಧ ಗಂಟೆ ಕಳೆದರೂ ರಕ್ತ ನಿಲ್ಲಲಿಲ್ಲ. ಟವೆಲಿನ ಅಂಚು ಕೆಂಪಾಗುತ್ತಲೇ ಇತ್ತು.

“ಆಸ್ಪತ್ರೆಗೆ ಪೋನ್ ಮಾಡು,” ಎಂದರು ಮಂಜುಳಮ್ಮ. ವಾಣಿಯ ಗಂಡ ಬಾಲಾಜಿ ಟೊಮೇಟೊ ಹಾಕಿಕೊಂಡು ಪಾಲಕೋಡ್ ಮಾರ್ಕೆಟ್ಟಿಗೆ ಹೋಗಿದ್ದ.

ಫೋನೆತ್ತಿದ ಹುಡುಗಿ, “ಒರು ನಿಮಿಷಂ ಮಾ, ಹೋಲ್ಡ್ ಪಣ್ಣುಂಗ,” ಎಂದಳು. ಆಮೇಲೆ ಬರೀ ಸಂಗೀತ.

ಫೋನು ಕಿವಿಗಿಟ್ಟುಕೊಂಡು ವಾಣಿ ನಿಂತಳು. ಎದುರಿಗೆ ಕ್ಯಾಲೆಂಡರಿಗೆ ಸಿಕ್ಕಿಸಿದ್ದ ಚೀಟಿ. ಹೋಲ್ಡ್. ಈ ಹುಡುಗಿ ಹಿಡಿ ಎನ್ನಲಿಲ್ಲ. ನಿಲ್ಲಿ ಎಂದಳು. ಮಾತು ನಿಲ್ಲಿಸಿ, ಕಾಯಿರಿ ಎಂದಳು. ಚೀಟಿಯಲ್ಲೂ ಅದೇ ಇದ್ದರೆ?

ಜಗಲಿಗೆ ಓಡಿದಳು. ರಾಮಪ್ಪ ಒಂದು ಕೈಯಲ್ಲಿ ಟವೆಲ್ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಐದನೇ ಮಾತ್ರೆಯನ್ನು ಬಾಯಿಯ ಹತ್ತಿರ ತಂದಿದ್ದರು. ಅವಳು ಆ ಕೈಗೆ ಹೊಡೆದಳು. ಮಾತ್ರೆ ಅಂಗಳಕ್ಕೆ ಬಿತ್ತು.

“ಯಾಕಮ್ಮ?” ರಾಮಪ್ಪ ಬೆರಗಾಗಿ ಕೇಳಿದರು. ಸೊಸೆ ತನ್ನ ಮೇಲೆ ಕೈಯೆತ್ತಿದ್ದನ್ನು ಅವರು ಎಂದೂ ಕಂಡವರಲ್ಲ.

ಅಷ್ಟರಲ್ಲಿ ಫೋನಿನಲ್ಲಿ ನರ್ಸ್ ಬಂದಳು. ನಾಳೆ ಆಪರೇಷನ್ ಎಂದು ಕೇಳಿದೊಡನೆ, “ಮಾತ್ರೈ ನಿರುತ್ತಿಟ್ಟೀಂಗಳಾ ಮಾ?” ಎಂದಳು. ಮಾತ್ರೆ ನಿಲ್ಲಿಸಿದ್ದೀರಾ?

ಅನುಮಾನ ನಿಜವಾಯಿತು. ‘ಆಮಾ’, ಹೌದು, ಎಂಬ ಮಾತು ವಾಣಿಯ ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ಆಪರೇಷನ್ನಿನ ದಿನ ತಪ್ಪುವುದಿಲ್ಲ, ಬೈಸಿಕೊಳ್ಳಬೇಕಾಗಿಲ್ಲ. ಅತ್ತೆ ಎದುರಿಗೇ ನಿಂತಿದ್ದರು. ಅವಳು ಮಾವನ ಕುತ್ತಿಗೆ ನೋಡಿದಳು. ಬನಿಯನ್ನಿನ ಮೇಲೂ ಕೆಂಪು ಇಳಿದಿತ್ತು.

“ಇಲ್ಲೈ ಸಿಸ್ಟರ್. ನಾನ್ ದಾನ್ ತಪ್ಪಾ ಪಡಿಚ್ಚುಟ್ಟೇನ್.” ತಪ್ಪು ಓದಿದ್ದು ನಾನೇ ಎಂದಳು. ನರ್ಸ್, ಗಾಯ ಬಿಗಿಯಾಗಿ ಒತ್ತಿ ಹಿಡಿದು ಈಗಲೇ ಕರೆದುಕೊಂಡು ಬನ್ನಿ ಎಂದಳು.

ಪಕ್ಕದ ಮನೆಯ ಪಳನಿಯ ಕಾರಿನಲ್ಲಿ ಸೇಲಂ ಸೇರುವವರೆಗೂ ವಾಣಿ ಮಾವನ ಗಲ್ಲದಿಂದ ಕೈ ತೆಗೆಯಲಿಲ್ಲ. ಬೆರಳು ಮರಗಟ್ಟಿದವು. ಮಂಜುಳಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಕನ್ನಡಕ ತೆಗೆದರು. “ಇದು ತಿಳಿಯದೆ ನಾಳೆ ಕೊಯ್ದಿದ್ದರೆ,” ಎಂದು ತಮಿಳಿನಲ್ಲಿ ಶುರು ಮಾಡಿ, ರಾಮಪ್ಪನ ಮುಖ ಕಂಡು ಅಲ್ಲಿಗೇ ಬಿಟ್ಟರು. ಆಪರೇಷನ್ ಒಂದು ವಾರ ಮುಂದೆ ಹೋಯಿತು.

ಆ ವಾರವೆಲ್ಲ ಅತ್ತೆ ಸೊಸೆಯೊಡನೆ ಮಾತಾಡಲಿಲ್ಲ. ಬಾಲಾಜಿ, “ಗೊತ್ತಿಲ್ಲ ಅಂದಿದ್ರೆ ಏನಾಗ್ತಿತ್ತು?” ಎಂದಷ್ಟೇ ಕೇಳಿದ. ವಾಣಿಗೆ ಊಟ ಸೇರುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲಿನ ಇಂಗ್ಲಿಷ್ ಅಕ್ಷರ ಕಂಡರೂ ಅದನ್ನು ತಿರುಗಿಸಿಡುತ್ತಿದ್ದಳು.

ಆಪರೇಷನ್ ಆಯಿತು. ಮೂರನೇ ದಿನ ರಾಮಪ್ಪ ಎದ್ದು ವಾರ್ಡಿನಲ್ಲಿ ಓಡಾಡಿದರು. “ನೀನು ಸುಳ್ಳು ಏಳಿದ್ರೆ ನಾನು ಇಲ್ಲಿ ಇರ್ತಿರ್ಲಿಲ್ಲ ಕಣಮ್ಮ,” ಎಂದರು. ಮಂಜುಳಮ್ಮ ಅದನ್ನು ಕೇಳಿಸಿಕೊಂಡು, ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ವಾಣಿಯ ಮುಂದೆ ಇಟ್ಟರು.