ಉಬ್ಬಕ್ಷರದ ಟೋಪಿಗಳು

ಫೋಮಿನೊಳಗೆ ಸೂಜಿ ಇಳಿಯುವ ಸದ್ದೇ ಬೇರೆ. ಬರೀ ಬಟ್ಟೆಯ ಮೇಲೆ ಎಂಬ್ರಾಯ್ಡರಿ ಮಷೀನ್ ಟಕಟಕ ಅನ್ನುತ್ತಿತ್ತು. ಫೋಮ್ ಹಾಸಿದರೆ ಪಕ್ಕದ ಕೋಣೆಯಲ್ಲಿ ಯಾರೋ ಕುಳಿತು ಚುರುಮುರಿ ಜಗಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಹುಬ್ಬಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಆ ಸದ್ದಿತ್ತು. ಆದರೆ ಮೊದಲ ತಿಂಗಳಲ್ಲೇ ಅದು ನಿಂತುಹೋಗುವುದಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಯಜಮಾನರು ರಿಟೈರ್ ಆದ ಮೇಲೆ, ನನ್ನ ಹಟಕ್ಕೆ ಸೋತು, ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ಕೊಂಡಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಕರವಸ್ತ್ರದ ಮೂಲೆಗೆ ಸ್ಯಾಟಿನ್ ಸ್ಟಿಚ್ ಹಾಕಿಸುತ್ತಿದ್ದರು. ಅದೊಂದೇ ನನ್ನ ಕ್ವಾಲಿಫಿಕೇಶನ್. ಬಂದ ಮೊದಲ ದೊಡ್ಡ ಆರ್ಡರ್ ತಾರಿಹಾಳದ ಒಂದು ಕಾರ್ಖಾನೆಯದು. ಅವರ ಕ್ರಿಕೆಟ್ ಟೀಮಿಗೆ ನೀಲಿ ಟೋಪಿ, ಹಣೆಯ ಮೇಲೆ ಹಳದಿ ದಾರದ ಮೂರು ಇಂಗ್ಲಿಷ್ ಅಕ್ಷರ. ಅಕ್ಷರಗಳು ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುವಷ್ಟು ಉಬ್ಬಿರಬೇಕು.

ಗಾದಿ ಅಂಗಡಿಯಿಂದ ಬಿಳಿ ಸ್ಪಂಜ್ ತಂದು ಟೋಪಿಯ ಮೇಲಿಟ್ಟು ಹೊಲಿದೆ. ಅಕ್ಷರ ಚಪಾತಿಯಂತೆ ಕೂತವು. ಮ್ಯಾನ್ಯುಅಲ್ ತೆಗೆದು ಓದಿದೆ: ಹೊಲಿಗೆ ಒತ್ತಾಗಿರಲಿ ಅಂತಿತ್ತು. ಎಷ್ಟು ಒತ್ತು ಮಾಡಿದೆನೆಂದರೆ ಎರಡು ಸೂಜಿ ಮುರಿದವು. ಅಕ್ಷರಗಳ ತುದಿಯಿಂದ ಸ್ಪಂಜ್ ಮಾತ್ರ ಮುದುಕನ ಕಿವಿಯ ಕೂದಲಿನಂತೆ ಹೊರಗೇ ಇಣುಕುತ್ತಿತ್ತು.

ಯಜಮಾನರು ನೋಡಿ ನೋಡಿ ಅಂದರು, "ಸಾಕು ಬಿಡು. ಮಷೀನ್ ಕೊಟ್ಟುಬಿಡೋಣು. ಬೆಳಗಾವಿಯವ್ರೊಬ್ರು ರವಿವಾರ ಮಷೀನ್ ನೋಡಾಕ ಬರ್ತಾರ."

"ಬರ್ಲಿ. ಕನ್ಯಾ ನೋಡಾಕ ಬಂದವ್ರಂಗ ಉಪ್ಪಿಟ್ಟು ತಿಂದು, ಹುಡುಗಿ ಹಾಡು ಹೇಳತಾಳೇನು ಅಂತ ಕೇಳಿ ಹೋಗ್ಲಿ," ಅಂದೆ. ಮುರಿದ ಸೂಜಿ ತೆಗೆದು ಹೊಸದು ಹಾಕಿದೆ. ಅದು ಐವತ್ತು ದಾಟಿದ ಮೇಲೆ ನನ್ನದು ಅಂತ ಸಿಕ್ಕ ಮೊದಲ ಕೆಲಸ.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಚಾಚಾ ಇದ್ದರು. ಒಂದು ಕಾಲಕ್ಕೆ ಮದುವೆ ಸೀರೆಗಳಿಗೆ ಕೈಯಿಂದ ಜರಿ ಕೆಲಸ ಮಾಡಿದವರು. ಜರಿಯ ಹೂವನ್ನು ಉಬ್ಬಿಸುವುದರಲ್ಲಿ ಅವರ ಕೈ ಪ್ರಸಿದ್ಧ. ಶುಕ್ರವಾರ ಅವರನ್ನು ಆಟೋದಲ್ಲಿ ಕರೆತಂದೆ.

ಟೋಪಿ ಹಿಡಿದು ನಕ್ಕರು. "ಅಕ್ಕಾರ, ಗಾದಿ ಹೊಲಿಯಾಕತ್ತೀರೋ, ಟೋಪಿ ಹೊಲಿಯಾಕತ್ತೀರೋ? ಈ ಮೆತ್ತನ್ನ ಸ್ಪಂಜ್ ದಾರದ ಭಾರ ತಡೀತದೇನ್ರಿ? ಚಪ್ಪಲಿ ಸಾಮಾನಿನ ಅಂಗಡ್ಯಾಗ ಗಟ್ಟಿ ಫೋಮ್ ಶೀಟ್ ಸಿಗತಾವ, ಅದನ್ನ ತರ್ರಿ. ಹಳದೀನ ತರ್ರಿ ಮತ್ತ. ನಾವು ಜರಿ ಕೆಳಗ ಹಳದಿ ದಾರನ ತುಂಬತಿದ್ವಿ. ಒಂದೀಟು ಕಂಡ್ರೂ ಕಣ್ಣಿಗೆ ತಿಳೀಬಾರದು."

"ಅಕ್ಷರದ ತುದಿಯಿಂದ ಸ್ಪಂಜ್ ಹೊರಗ ಬರ್ತೈತಲ್ಲಾ ಚಾಚಾ?"

"ಬರದ ಏನ್ ಮಾಡೀತು? ದಿಂಬಿನ ಅಂಚು ಹೊಲೀಲಾರದ ಹತ್ತಿ ತುಂಬಿದಂಗ ಮಾಡೀರಿ. ಮೊದಲ ಎರಡೂ ತುದಿ ಅಡ್ಡ ಹೊಲದು ಮುಚ್ಚರಿ, ಆಮ್ಯಾಲ ಮೈ ತುಂಬ ಹೊಲೀರಿ."

ಸೋ ಸಿಂಪಲ್! ಗಟ್ಟಿ ಹಳದಿ ಫೋಮ್ ತರಿಸಿಕೊಂಡು, ಕಂಪ್ಯೂಟರಿನಲ್ಲಿ ಡಿಸೈನ್ ತಿದ್ದಿ, ಪ್ರತಿ ಅಕ್ಷರದ ತುದಿಗೂ ಅಡ್ಡಹೊಲಿಗೆ ಸೇರಿಸಿದೆ. ಮಷೀನಿನ ವೇಗವನ್ನೂ ತಗ್ಗಿಸಿದೆ. ಹೊಲಿದು ಮುಗಿದ ಮೇಲೆ ಸುತ್ತಲಿನ ಹೆಚ್ಚಿನ ಫೋಮ್ ಎಳೆದರೆ, ಸೂಜಿ ಚುಚ್ಚಿದ ಗೆರೆಗುಂಟ ಅಂಚೆಚೀಟಿಯಂತೆ ಹರಿದು ಬಂತು. ಅಲ್ಲಲ್ಲಿ ಫೋಮಿನ ಸಣ್ಣ ಎಳೆಗಳು ಉಳಿದಿದ್ದವು. ಚಾಚಾ ಹಳೆಯ ರೂಢಿಯಂತೆ ಕಡ್ಡಿ ಗೀರಿ ಅವನ್ನು ಸುಡಲು ಹೋದರು. ಅವರ ರೇಷ್ಮೆ ದಾರಕ್ಕೆ ಅದು ಸರಿ. ನನ್ನದು ಪಾಲಿಯೆಸ್ಟರ್, ಬೆಂಕಿ ಹತ್ತಿರ ಬಂದದ್ದೇ ಮುದುರಿ ಕರಗಿತು.

"ಯಾ ಅಲ್ಲಾ, ಇದೇನ್ ದಾರಾನೋ ಮ್ಯಾಣಾನೋ!" ಅಂತ ಬೆರಳು ಝಾಡಿಸಿದರು. ಒಂದು ಟೋಪಿ ಹೋಯಿತು. ಮುಂದಿನದಕ್ಕೆ ನನ್ನ ಹೇರ್ ಡ್ರೈಯರ್ ತಂದು ದೂರದಿಂದ ಬಿಸಿಗಾಳಿ ಬಿಟ್ಟೆ. ಎಳೆಗಳು ಮುದುಡಿ ಒಳಗೆ ಸೇರಿಕೊಂಡವು. ಅಕ್ಷರಗಳು ಅಚ್ಚು ಹಾಕಿದಂತೆ ಎದ್ದು ನಿಂತಿದ್ದವು. ಪರ್ಫೆಕ್ಟ್ ಅನ್ನಲಾರೆ, ಆದರೆ ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತಿತ್ತು.

ರವಿವಾರ ಬೆಳಗಾವಿಯವರು ಬಂದಾಗ ಮೇಜಿನ ಮೇಲೆ ಹನ್ನೊಂದು ಟೋಪಿ ಸಾಲಾಗಿದ್ದವು. ಅವರು ಒಂದನ್ನು ತಲೆಗಿಟ್ಟುಕೊಂಡು ಕನ್ನಡಿ ನೋಡಿಕೊಂಡರು. ಯಜಮಾನರು ಅವರಿಗೆ ಉಪ್ಪಿಟ್ಟಿನ ತಾಟು ಕೊಟ್ಟು ಅಂದರು, "ತಪ್ಪು ತಿಳೀಬ್ಯಾಡ್ರಿ. ಮಷೀನ್ ಕೊಡೂದಿಲ್ರಿ." ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುವಿ ಕೈ ತೊಳೆದುಕೊಂಡೆ.

ಚಾಚಾ ಆಮೇಲೆ ಆಗಾಗ ಬರುತ್ತಿದ್ದರು. ಚಹಾ ಕುಡಿದು, ತಪ್ಪು ತೆಗೆದು ಹೋಗುತ್ತಿದ್ದರು. ಕೊನೆಯ ಸಲ ಬಂದದ್ದು ಗದಗಿನ ಮಗಳ ಮನೆಗೆ ಹೊರಡುವ ದಿನ. ಇನ್ನು ಅಲ್ಲೇ ಇರುವುದೆಂದು ನಿಶ್ಚಯವಾಗಿತ್ತು. "ಅಕ್ಕಾರ, ಒಂದ್ಸಲ ನಾ ಒತ್ತಲೇನ್ರಿ?" ಅಂದರು. ಅಷ್ಟು ವರ್ಷ ಅವರು ಮಷೀನಿಗೆ ಕೈಯನ್ನೇ ಹಚ್ಚಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಟೋಪಿ ಸಿಕ್ಕಿಸಿ ಕೊಟ್ಟೆ. ಹಸಿರು ಬಟನ್ ಒತ್ತಿ, ಕಚ್ಚೀತು ಅನ್ನುವಂತೆ ಬೆರಳು ಹಿಂದಕ್ಕೆಳೆದುಕೊಂಡರು. ಒಂದು ಅಕ್ಷರ ಮುಗಿಯುವತನಕ ನಿಂತು ನೋಡಿದರು.

ಗೇಟಿನತನಕ ಕಳಿಸಲು ಹೋದೆ. ಆಟೋ ಹತ್ತಿ ಕುಳಿತವರು ಹೊರಗೆ ಬಗ್ಗಿ ಗದರಿದರು, "ಮಷೀನ್ ನಡದೈತಿ, ಇಲ್ಲೇನ್ ನಿಂತೀರಿ? ಲಗೂ ಒಳಗ ಹೋಗ್ರಿ!"

ಆಟೋ ಓಣಿ ತಿರುಗುವ ಮೊದಲೇ ನಾನು ಒಳಗೆ ಓಡಿದೆ.