ವಾಳೂಜಿನ ಕೋಲ್ಡ್ ರೂಮು

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ನಾನೂ ಮೊಮ್ಮಗಳು ಸಾನಿಕಾಳೂ ಸಂಭಾಜಿನಗರದ ರೈಲು ಹತ್ತಿದೆವು. ಅವಳಿಗೆ ಆಫೀಸ್ ಕೆಲಸ, ನನಗೆ ಹಾಲಿಡೇ. ಕೆಲಸ ಮುಗಿದ ಮೇಲೆ ಪೈಠಣಕ್ಕೆ ಕರೆದೊಯ್ದು ಸೀರೆ ನೇಯುವ ಮಗ್ಗ ತೋರಿಸುತ್ತೇನೆಂದು ಪ್ರಾಮಿಸ್ ಮಾಡಿದ್ದಳು. ನನ್ನ ಬ್ಯಾಗಿನಲ್ಲಿ ಎರಡು ಸೀರೆ, ಬಿ.ಪಿ. ಮಾತ್ರೆ ಮತ್ತು ಕಳೆದ ಆರು ವರ್ಷಗಳ ಆರು ಡೈರಿಗಳಿದ್ದವು.

ಡೈರಿಗಳನ್ನು ಕೇಳಿದವಳು ಅವಳೇ. ನಾಸಿಕ್‌ನ ಸಾತಪುರದ ಒಂದು ಫ್ಯಾಕ್ಟರಿಯಲ್ಲಿ ನನ್ನ ಯಜಮಾನರು ಕ್ಯಾಂಟೀನ್ ನಡೆಸುತ್ತಿದ್ದರು, ಅವರು ಹೋದ ಮೇಲೆ ನಾನು ನಡೆಸಿದೆ. ಅದೇ ಕಂಪನಿ ಸಂಭಾಜಿನಗರದ ಪಕ್ಕದ ವಾಳೂಜಿನಲ್ಲಿ ಇನ್ನೊಂದು ಫ್ಯಾಕ್ಟರಿ ತೆರೆದಾಗ ಅಲ್ಲಿಯ ಕ್ಯಾಂಟೀನೂ ನಮಗೇ ಸಿಕ್ಕಿತು. ಈಗ ಅದನ್ನು ನೋಡಿಕೊಳ್ಳುವವನು ಮೈದುನನ ಮಗ ಸುಧಾಕರ. ಪ್ರತಿ ಭಾನುವಾರ ಫೋನಿನಲ್ಲಿ ವಾರದ ಸುದ್ದಿ ಒಪ್ಪಿಸುತ್ತಾನೆ, ನಾನು ಬರೆದಿಡುತ್ತೇನೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಹಾಕಿಕೊಟ್ಟ ರೂಢಿ ಅದು: ನೀಲಿ ಇಂಕು, ಕರ್ಸಿವ್ ಅಕ್ಷರ, ಬರೆದದ್ದನ್ನು ಹೊಡೆದುಹಾಕುವಂತಿಲ್ಲ.

ಸಾನಿಕಾ ಆ ಕಂಪನಿಯಲ್ಲೇ ಎಮಿಷನ್ ರಿಪೋರ್ಟ್ ಬರೆಯುತ್ತಾಳೆ. ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ಫ್ಯಾಕ್ಟರಿ ವರ್ಷಕ್ಕೆಷ್ಟು ಗಾಳಿಗೆ ಬಿಟ್ಟಿತು ಎಂಬ ವರದಿ. ವಿದೇಶದ ಗಿರಾಕಿಗಳು ಅದನ್ನು ನೋಡಿಯೇ ಆರ್ಡರ್ ಕೊಡುತ್ತಾರಂತೆ.

"ನಿಮ್ಮ ಡೈರಿಯಲ್ಲಿ ಅಡುಗೆ ಸಿಲಿಂಡರ್ ಎಷ್ಟು ಅಂತ ಇದ್ದರೆ ಸಾಕು ಅಜ್ಜಿ. ಬಾಕಿ ಸಗಳಂ, ಎಲ್ಲಾ ರೆಡಿ ಇದೆ," ಎಂದಳು, ಎಂದಿನಂತೆ ಮರಾಠಿ ಬೆರೆಸಿ.

ಲಾಸಲಗಾಂವ್ ಕಡೆ ಈರುಳ್ಳಿ ರಾಶಿಗಳು ಕಂಡವು. ಮನ್ಮಾಡಿನಲ್ಲಿ ಇಪ್ಪತ್ತು ರೂಪಾಯಿಗೆ ವಡಾಪಾವ್ ಕೊಂಡೆವು. ದೌಲತಾಬಾದ್ ಕೋಟೆ ಕಿಟಕಿಯಲ್ಲಿ ಹಾದುಹೋಗುವಾಗ ಸರಳುಗಳು ಮುಟ್ಟಲಾಗದಷ್ಟು ಕಾದಿದ್ದವು. ಮೂರೂವರೆ ಗಂಟೆಯ ಪ್ರಯಾಣ. ಸ್ಟೇಷನ್ನಿನಿಂದ ವಾಳೂಜಿಗೆ ಆಟೋದವನು ಐನೂರು ಕೇಳಿ ಮುನ್ನೂರೈವತ್ತಕ್ಕೆ ಒಪ್ಪಿದ.

ಕ್ಯಾಂಟೀನ್ ತಲುಪಿದೊಡನೆ ನಾನು ನೋಡಹೋದದ್ದು ಕೋಲ್ಡ್ ರೂಮನ್ನು. ಯಂತ್ರ ಕಂಪನಿಯದು, ಆದರೆ ಹಟ ಹಿಡಿದು ಕಟ್ಟಿಸಿಕೊಂಡವಳು ನಾನು. ವಾಳೂಜಿನ ಬೇಸಿಗೆಯಲ್ಲಿ ಫ್ಯಾಕ್ಟರಿಯ ಅಷ್ಟೂ ಜನರಿಗೆ ಬಡಿಸಿದರೂ ನಮ್ಮ ಮೊಸರು ಒಂದು ದಿನವೂ ಹುಳಿಯಾದದ್ದಿಲ್ಲ. ಅದು ನನ್ನ ಪ್ರೈಡ್. ಹೊರಗಡೆ ಯಂತ್ರದ ಪಕ್ಕ ಮೆಕ್ಯಾನಿಕ್ ಬಸಪ್ಪ ಕುಕ್ಕರುಗಾಲಲ್ಲಿ ಕೂತು ಒಂದು ಡಬ್ಬಿಗೆ ಪೈಪು ಸಿಕ್ಕಿಸುತ್ತಿದ್ದ. ಇಂಡಿ ತಾಲ್ಲೂಕಿನವನು, ಮೊದಲಿನಿಂದ ನಮ್ಮ ಯಂತ್ರ ನೋಡುವವನು.

"ಅಮ್ಮಾರು ಬಂದ್ರಲ್ರೀ! ಆರಾಮ್ ಅದೀರೇನ್ರಿ?"

"ಅದೇನು ತುಂಬ್ತಾ ಇದ್ದೀರಿ?" ಸಾನಿಕಾ ನಡುವೆ ಕೇಳಿದಳು.

"ರೂಮ್ ಥಂಡ್ ಮಾಡೋ ಗ್ಯಾಸ್ ರೀ ಮೇಡಂ. ಬ್ಯಾಸಗಿ ಬಂದ್ರ ಎರಡ್ ಡಬ್ಬಿ ಬೇಕೇ ಬೇಕ್ರಿ."

"ಹೋದ ವರ್ಷ ತುಂಬಿದ್ದು ಎಲ್ಲಿ?"

ಬಸಪ್ಪ ನಕ್ಕ. "ಹಾರಿ ಹೋತ್ರಿ. ಪೈಪಿನ್ಯಾಗ ಎಲ್ಲೋ ಸಣ್ಣ ತೂತು ಐತಿ. ಹುಡುಕಿ ಬೆಸೀಬೇಕಂದ್ರ ಎರಡ್ ದಿನ ರೂಮ್ ಬಂದ್ ಇಡಬೇಕು. ಬಂದ್ ಮಾಡಬ್ಯಾಡ, ತುಂಬಿ ಹೋಗು ಅಂತ ಅಮ್ಮಾರೇ ಹೇಳ್ಯಾರಲ್ರಿ."

"ಹೌದು, ನಾನೇ ಹೇಳಿದ್ದು," ಎಂದೆ, ಸ್ವಲ್ಪ ಜಂಬದಿಂದಲೇ. "ಹಾಲು ಮೊಸರು ಕೆಡಬಾರದಲ್ಲ?"

ಸಾನಿಕಾ ಡಬ್ಬಿಯ ಮೇಲಿನ ಹೆಸರು ಓದಿದಳು. ತರಕಾರಿ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ವಾಳೂಜಿನ ಕೋಲ್ಡ್ ರೂಮಿನ ಸಾಲಿನಲ್ಲಿ, ಸೋರಿದ ಗ್ಯಾಸ್ ಎಂಬಲ್ಲಿ, ವರ್ಷ ವರ್ಷವೂ ಸೊನ್ನೆ ಇತ್ತು. ಯಂತ್ರ ಕೆಟ್ಟಿದೆಯೆಂದು ಕಂಪನಿಯವರು ಗೊಣಗಬಾರದೆಂದು ಸುಧಾಕರ ಡಬ್ಬಿಗಳನ್ನು ತಾನೇ ಕೊಂಡು ತುಂಬಿಸುತ್ತಿದ್ದ, ಹಾಗಾಗಿ ಕಂಪನಿಗೆ ಒಂದು ಚೀಟಿಯೂ ಹೋಗಿರಲಿಲ್ಲ.

"ಅಜ್ಜಿ, ಈ ಗ್ಯಾಸ್ ಒಂದು ಕಿಲೋ ಹಾರಿದ್ರೆ ಮೂರು ಸಾವಿರ ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ."

"ಹೋಗು ಮಾರಾಯ್ತಿ, ತಮಾಷೆ ಮಾಡ್ಬೇಡ."

"ಖರಂಚ್ ಅಜ್ಜಿ, ನಿಜವಾಗ್ಲೂ! ಈ ಎರಡು ಡಬ್ಬಿ ನಿಮ್ಮ ಇಡೀ ವರ್ಷದ ಅಡುಗೆ ಸಿಲಿಂಡರಿಗಿಂತ ಹೆಚ್ಚು."

ನಾನು ಈರುಳ್ಳಿ ಚೀಲದ ಮೇಲೆ ಕೂತುಬಿಟ್ಟೆ. ಒಲೆ ಸುಮ್ಮನೆ ಉರಿಯಬಿಟ್ಟರೆಂದು ಎಷ್ಟು ಭಟ್ಟರನ್ನು ಬೈದಿದ್ದೇನೆ! ಇದಕ್ಕೆ ಹೊಗೆ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ನನ್ನ ಬೆನ್ನ ಹಿಂದೆ, ನನ್ನ ಮಾತಿನಂತೆಯೇ, ಇಷ್ಟು ವರ್ಷ ಹೋಗುತ್ತಲೇ ಇತ್ತು. ಬಸಪ್ಪ ಪೈಪು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಇದು ಅಷ್ಟು ಕೆಟ್ಟದ್ದೇನ್ರಿ?" ಎಂದು ನನ್ನನ್ನು ಕೇಳಿದ.

ಸಂಜೆ ಚಹಾದ ಹೊತ್ತಿಗೆ ಸುಧಾಕರನಿಗೆ ವಿಷಯ ತಿಳಿದಿತ್ತು.

"ಆ ಡೈರಿ ಎಂತಕ್ಕೆ ತಂದದ್ದು ದೊಡ್ಡಮ್ಮ? ಬರುವ ತಿಂಗಳು ಕಾಂಟ್ರಾಕ್ಟ್ ರಿನ್ಯೂವಲ್ ಉಂಟು. ಕ್ಯಾಂಟೀನಿನವರು ಮುಚ್ಚಿಟ್ಟರು ಅಂತ ನಮ್ಮನ್ನೇ ಹೊರಗೆ ಹಾಕ್ತಾರೆ. ಹದಿನೆಂಟು ಜನ ಎಲ್ಲಿಗೆ ಹೋಗಬೇಕು?"

"ಈ ವರ್ಷದ್ದು ನಾನೇ ನೋಡಿದ್ದೀನಿ, ಬರೀಲೇಬೇಕು," ಎಂದಳು ಸಾನಿಕಾ. "ಹಿಂದಿನದಕ್ಕೆ ಅಜ್ಜಿಯ ಡೈರಿ ಬಿಟ್ಟರೆ ಪುರಾವೆ ಇಲ್ಲ. ಕೊಡೋದು ಬಿಡೋದು ಅವರಿಗೆ ಬಿಟ್ಟದ್ದು."

"ಬಿಟ್ಟುಬಿಡಿ ದೊಡ್ಡಮ್ಮ. ಹಳೆಯದು ಯಾರಿಗೆ ಗೊತ್ತುಂಟು?"

"ನನಗೆ ಗೊತ್ತುಂಟಲ್ಲ ಸುಧಾ," ಎಂದೆ. ಅವನು ಚಹಾ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದುಹೋದ.

ಬುಧವಾರ ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ಆರೂ ಡೈರಿ ಬಿಚ್ಚಿದೆ. ಪ್ರತಿ ಬೇಸಿಗೆಯ ಒಂದು ಭಾನುವಾರದಂದು ನನ್ನದೇ ದುಂಡು ಅಕ್ಷರ: ಗ್ಯಾಸ್ ಫಿಲ್ಡ್, ಟೂ ಟಿನ್ಸ್. ಅದರ ಮುಂದೆ, ಆರೂ ಕಡೆ: ಆಲ್ ವೆಲ್. ಡಬ್ಬಿಗಳ ಸಂಖ್ಯೆಗಿಂತ ಆ ಎರಡು ಪದಗಳೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದವು.

ಹತ್ತು ಗಂಟೆಗೆ ಫ್ಯಾಕ್ಟರಿಗೆ ಹೋಗಿ ಡೈರಿಗಳನ್ನು ಸಾನಿಕಾಳ ಮೇಜಿನ ಮೇಲಿಟ್ಟೆ. ರಿಪೇರಿ ಮಾಡಿಸದೆ ಗ್ಯಾಸ್ ತುಂಬಿಸಿದ್ದು ನನ್ನ ಸೂಚನೆಯಂತೆ, ಸುಧಾಕರನ ತಪ್ಪಲ್ಲ ಎಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಸಾನಿಕಾ ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದಳು. ಅವಳ ಮ್ಯಾನೇಜರ್ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಕಾಂಟ್ರಾಕ್ಟಿನ ಬಗ್ಗೆ ಕೇಳಿದೆ. "ಈಗಲೇ ಏನೂ ಹೇಳಲಾರೆ, ಆಜಿ," ಎಂದರು. ಸುಧಾಕರ ಆ ದಿನವಿಡೀ ನನ್ನ ಕಣ್ಣಿಗೆ ಬೀಳಲಿಲ್ಲ.

ಪೈಠಣಕ್ಕೆ ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಗುರುವಾರದ ರೈಲಿಗೇ ಹೊರಟೆವು. ಪ್ಲಾಟ್‌ಫಾರ್ಮಿಗೆ ಕ್ಯಾಂಟೀನಿನ ಭಟ್ಟರೊಬ್ಬರು ಬಂದು, "ಸುಧಾಕರಣ್ಣ ಕಳಿಸಿದ್ದು," ಎಂದು ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಬೇರೆ ಮಾತು ಹೇಳಿ ಕಳಿಸಿರಲಿಲ್ಲ.

ದೌಲತಾಬಾದ್ ಕೋಟೆ ಹಿಂದೆ ಸರಿದ ಮೇಲೆ ಮುಚ್ಚಳ ತೆರೆದೆ. ಮೊಸರನ್ನ, ಬದಿಯಲ್ಲಿ ಮಾವಿನ ಮಿಡಿ. ಸಾನಿಕಾ ಒಂದು ತುತ್ತು ತಿಂದು ಮುಖ ಕಿವುಚಿದಳು.

"ಹುಳಿ ಆಗಿದೆ ಅಜ್ಜಿ. ಹಾಳಾಯ್ತಾ?"

ನಾನೂ ತಿಂದು ನೋಡಿದೆ. ವಾಳೂಜಿನ ಮೊಸರು ಹುಳಿಯಾಗಿತ್ತು.

"ಇಲ್ಲ ಮಗಾ," ಎಂದೆ. "ಸುಧಾ ಕೋಲ್ಡ್ ರೂಮು ಬಂದ್ ಮಾಡಿದ್ದಾನೆ, ತೂತು ಬೆಸೆಯಲಿಕ್ಕೆ."

ಡಬ್ಬಿಯ ತಳ ಕಾಣುವವರೆಗೆ ಇಬ್ಬರೂ ಅದನ್ನೇ ತಿಂದೆವು.