ಗಂಟೆ ಕಟ್ಟಿದ್ದು ಯಾರು ಅಂತ ಗೊತ್ತಾದ ಮೇಲೆ

ಬ್ಯಾಡಗಿಯ ಓಣಿಯೊಂದರಲ್ಲಿ ನಿಂತು, ಒಬ್ಬ ಹುಡುಗನ ಗುಣ ಹೇಗೆ ಎಂದು ಅವನ ಹೆತ್ತ ತಾಯಿಯನ್ನೇ ಗುಟ್ಟಾಗಿ ವಿಚಾರಿಸಿದ ಮಹಾನುಭಾವ ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ, ಅದು ನಾನು. ಕಳೆದ ಸೋಮವಾರ. ಹಾಡಹಗಲು.

ಆದರೆ ಕಥೆ ಶುರುವಾಗಿದ್ದು ಹಿಂದಿನ ದಿನ, ಹಾವೇರಿಯ ಥಿಯೇಟರಿನಲ್ಲಿ.

ಕಾಲೇಜಿನಲ್ಲಿದ್ದಾಗ ನಾನು ಮತ್ತು ಗೆಳೆಯ ಚನ್ನಬಸು ರಾಣೆಬೆನ್ನೂರಿನ ವಿಡಿಯೋ ಸೆಂಟರಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದೆವು. ಹಿಮ ಮುಚ್ಚಿದ ಯಾವುದೋ ಗ್ರಹ. ಅಲ್ಲೊಂದು ಖಾಲಿ ಗುಮ್ಮಟ. ಗುಮ್ಮಟದೊಳಗೆ ಮನೆಯಷ್ಟು ದೊಡ್ಡ ಗಂಟೆ. ಯಾರೂ ಎಳೆಯದೆ ಅದು ತಾನಾಗಿ ಮೊಳಗುತ್ತದೆ. ಕೇಳಿಸಿಕೊಂಡ ಗಗನಯಾತ್ರಿಗಳು ಒಬ್ಬೊಬ್ಬರಾಗಿ ಎದ್ದು ಹಿಮದೊಳಗೆ ನಡೆದು ಹೋಗುತ್ತಾರೆ. ತಿರುಗಿ ಬರುವುದಿಲ್ಲ. ಸಿನಿಮಾ ಮುಗಿಯಿತು. ಗಂಟೆ ಕಟ್ಟಿದ್ದು ಯಾರು? ಯಾಕೆ? ಒಂದಕ್ಕೂ ಉತ್ತರವಿಲ್ಲ.

ಆ ಉತ್ತರವಿಲ್ಲದ ಗಂಟೆಯ ಬಗ್ಗೆ ನಾವಿಬ್ಬರೂ ಅರ್ಧ ಆಯುಷ್ಯ ಜಗಳಾಡಿದ್ದೇವೆ. ಅದು ಬಲೆ ಅಂತ ಅವನು. ಅದು ದೇವರು ಅಂತ ನಾನು. (ನಮ್ಮಿಬ್ಬರ ಹೆಂಡಂದಿರ ಪ್ರಕಾರ ಅದು ಬೇರೆ ಕೆಲಸವಿಲ್ಲದವರ ಲಕ್ಷಣ.)

ಈಗ ಅದರ ಪ್ರೀಕ್ವೆಲ್ ಬಂದಿದೆ. ಅಂದರೆ ಮೊದಲ ಸಿನಿಮಾದ ಕಥೆಗಿಂತ ಹಿಂದೆ ಏನಾಗಿತ್ತು ಎಂಬ ಕಥೆ. ಬಿಡುತ್ತೇವೆಯೇ? ಚನ್ನಬಸು, ಅವನ ಮಗಳು ಶ್ವೇತಾ, ನಾನು, ಮೂವರೂ ಭಾನುವಾರ ಮ್ಯಾಟಿನಿಗೆ ಹೋದೆವು. ಶ್ವೇತಾ ಹಾವೇರಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಬಾಯಿ ಮಾತ್ರ ಸೀನಿಯರ್.

ಸಿನಿಮಾ ಹೇಗಿದೆ? ನೇರವಾಗಿ ಹೇಳುತ್ತೇನೆ. ಕಣ್ಣಿಗೆ ಹಬ್ಬ. ಆ ಗಂಟೆ ಎರಕ ಹೊಯ್ಯುವ ದೃಶ್ಯದಲ್ಲಿ ನಾನು ಪಾಪ್‌ಕಾರ್ನ್ ಬಾಯಿಗಿಡುವುದನ್ನೇ ಮರೆತೆ. ಆದರೆ ಇಂಟರ್ವಲ್ ಆದ ಮೇಲೆ ಶುರುವಾಯಿತು ನೋಡಿ ಟ್ಯೂಷನ್ ಕ್ಲಾಸು. ಪ್ರತಿಯೊಂದಕ್ಕೂ ವಿವರಣೆ. ಗುಮ್ಮಟ ಯಾಕೆ ಗುಂಡಗಿದೆ ಎಂಬುದಕ್ಕೂ ಒಂದು ಭಾಷಣ! ಸಾಲದ್ದಕ್ಕೆ ಹಿಂದಿ ಡಬ್ಬಿಂಗಿನಲ್ಲಿ ಎಲ್ಲ ವಿಜ್ಞಾನಿಗಳಿಗೂ ಒಂದೇ ದನಿ.

ಕೊನೆಗೆ ಗೊತ್ತಾಗಿದ್ದೇನು? ಗಂಟೆ ಕಟ್ಟಿದ್ದು ಆ ಗ್ರಹದ ಒಬ್ಬ ಮುದುಕಿ. ಹಿಮಗಾಳಿಯಲ್ಲಿ ದಾರಿ ತಪ್ಪಿದ ತನ್ನ ಜನ ಸದ್ದು ಹಿಡಿದು ಮನೆಗೆ ಬರಲಿ ಅಂತ. ಜನ ಬರಲಿಲ್ಲ. ಮುದುಕಿ ಸತ್ತಳು. ಗಂಟೆ ಮಾತ್ರ ಇನ್ನೂ ಕರೆಯುತ್ತಲೇ ಇದೆ.

ನನಗೆ ಕಣ್ಣು ತುಂಬಿ ಬಂತು, ಖರೆ. ಆದರೆ ಅದೇ ಹೊತ್ತಿಗೆ ಏನೋ ಕಳೆದುಕೊಂಡ ಹಾಗೂ ಆಯಿತು. ಇಷ್ಟು ವರ್ಷ ನೆನೆಸಿಕೊಂಡರೆ ಬೆನ್ನಲ್ಲಿ ಚಳಿ ಹುಟ್ಟಿಸುತ್ತಿದ್ದ ಸದ್ದು ಈಗ ಪಾಪ ಅನ್ನಿಸುತ್ತದೆ. ಭಯ ಹೋಯಿತು, ಕನಿಕರ ಬಂತು. ಇದು ಲಾಭವೋ, ನಷ್ಟವೋ? ಇವತ್ತಿಗೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ.

ಚನ್ನಬಸುಗೆ ಅಂಥ ಗೊಂದಲವೇ ಇಲ್ಲ. ಹೊರಗೆ ಬಂದವನೇ ಕೆಂಡ.

"ಎಲ್ಲಾ ಬಿಡಿಸಿ ಹೇಳಿ ಹಾಳ ಮಾಡಿಟ್ರಲೇ! ಹಿಂದಿಂದು ಕೆದಕಿ ಕೆದಕಿ ತೋರಸಂತ ಯಾರ್ ಕೇಳಿದ್ರು ಇವರನ್ನ?"

"ನಿಮಗ ಭೂತ ಬೇಕಾಗಿತ್ತು, ಸಿಕ್ಕಿದ್ದು ಮನುಷಾಳು. ಅದಕ್ಕ ಸಿಟ್ಟು" ಅಂದಳು ಶ್ವೇತಾ. "ಹೌದಲ್ಲ ಕಾಕಾ?"

ನಾನು ಎದುರಿನ ಅಂಗಡಿಗೆ ಮೂರು ಚಹಾ ಹೇಳಲು ಹೋದೆ.

ಇನ್ನು ಸೋಮವಾರಕ್ಕೆ ಬರೋಣ. ಶ್ವೇತಾಗೆ ಬ್ಯಾಡಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್. ಮನೆಯವರ ಒಪ್ಪಿಗೆ ಪಡೆದೇ ಇಬ್ಬರೂ ಹಾವೇರಿಯಲ್ಲಿ ಭೇಟಿಯಾಗಿ ಮಾತಾಡಿದ್ದರು. ಹುಡುಗಿಗೆ ಮನಸ್ಸಿದೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಬಾಕಿ ಉಳಿದದ್ದು ಮನೆತನ ವಿಚಾರಿಸುವ ಶಾಸ್ತ್ರ. ನಮ್ಮ ಕಡೆ ಹೆಣ್ಣಿನ ತಂದೆ ಇದನ್ನು ತಾನೇ ಮಾಡುವ ಹಾಗಿಲ್ಲ. ಗೆಳೆಯನನ್ನು ಕಳಿಸಬೇಕು. ಅವನು ದಾರಿಹೋಕನ ಹಾಗೆ ಓಣಿಯಲ್ಲಿ ನಿಂತು, ಅಕ್ಕಪಕ್ಕದವರ ಬಾಯಿಂದ ಆ ಮನೆಯ ಹಿಂದಿನದು ಮುಂದಿನದು ಎಲ್ಲ ತೆಗೆಯಬೇಕು. ಸರ್ಕಾರದ ಗುಪ್ತಚರರಿಗೂ ಇಷ್ಟು ಕಷ್ಟವಿರಲಿಕ್ಕಿಲ್ಲ.

ಚನ್ನಬಸು ಓಣಿಯ ಮೂಲೆಯಲ್ಲಿ ಹೆಲ್ಮೆಟ್ ತೆಗೆಯದೆ ಬೈಕಿನ ಮೇಲೆ ಕುಳಿತ. ನಾನು ಮುಂದೆ ಹೋದೆ. ಹುಡುಗನ ಮನೆಯಿಂದ ಎರಡು ಮನೆ ಆಚೆ, ಒಂದು ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ನನಗೆ ಮಾತಿಗಿಂತ ಮೊದಲು ಸೀನು ಬಂತು.

"ಅಕ್ಕಾರ, ಆ ನೀಲಿ ಬಾಗಿಲದ ಮನಿಯವ್ರು ಹೆಂಗ್ರಿ?"

"ಯಾಕ್ರಿ, ಹೆಣ್ಣು ಕೊಡಾವ್ರನು?"

"ಇಲ್ರಿ, ಸುಮ್ನ ಕೇಳಿದೆ."

"ಸುಮ್ನ ಯಾರೂ ಈ ಘಾಟಿನಾಗ ನಿಂತು ಸೀನಂಗಿಲ್ಲ ಅಣ್ಣಾರ. ಕುಂದರ್ರಿ."

ಕುಳಿತೆ. ಹುಡುಗ ಹೇಗೆ ಅಂದೆ. "ಛಲೋ ಅದಾನ. ಸಿಟ್ಟು ಬಂದ್ರ ಊಟ ಬಿಡ್ತಾನ, ಮಂದಿಗೆ ಏನೂ ಅನ್ನಂಗಿಲ್ಲ." ಅವರ ತಾಯಿ? "ಬಾಯಿ ಜೋರ್ ಐತಿ. ಹೊಟ್ಟ್ಯಾಗ ಏನೂ ಇಟ್ಕಣಂಗಿಲ್ಲ." ನನಗೋ ಖುಷಿ. ಎಂಥ ನಿಷ್ಪಕ್ಷಪಾತ ಸಾಕ್ಷಿ!

ಆಮೇಲೆ ಅವಳೇ ಹೇಳಿದಳು. "ಒಂದ್ ಮಾತ ತಿಳ್ಕೊಂಡ್ ಹೋಗ್ರಿ. ಮೊದಲ ಆ ಹುಡುಗಗ ಒಂದ್ ನಿಶ್ಚಯ ಆಗಿತ್ತು. ಮುರೀತು."

"ಯಾಕ್ರಿ?"

ತೊಟ್ಟು ಬಿಡಿಸುವ ಕೈ ನಿಂತಿತು. "ಅದನ್ನ ಹೇಳಂಗಿಲ್ರಿ. ಅದರಾಗ ಇನ್ನೊಬ್ರ ಮನಿ ಹುಡುಗಿ ಅದಾಳ. ಈಗ ಆಕಿ ಲಗ್ನ ಆಗಿ ಆರಾಮ ಅದಾಳ. ನಮ್ಮ ಹುಡುಗನ ಹೆಸರು ಛಲೋ ಆಗ್ಲಿ ಅಂತ ಆಕಿ ಹೆಸರು ಯಾಕ ತೆಗೀಲಿ?"

ನಮ್ಮ ಹುಡುಗ? ನಾನು ಬಾಯಿ ತೆರೆದೆ.

"ಹೂಂನ್ರಿ, ನಾನ ಅವರವ್ವ. ಚಹಾ ಮಾಡ್ತೀನಿ ಬರ್ರಿ. ಅಲ್ಲಿ ಹೆಲ್ಮೆಟ್ ಹಾಕ್ಕೊಂಡು ಬೇಯಾಕತ್ತಾರಲ್ಲ, ಅವರನ್ನೂ ಕರೀರಿ."

ಚಹಾ ಕುಡಿದೆವು. ಚನ್ನಬಸು ತಲೆ ಎತ್ತಲಿಲ್ಲ. ದಾರಿಯಲ್ಲಿ ನಾನು ನಿಶ್ಚಯ ಮುರಿದ ಸಂಗತಿ ಹೇಳುತ್ತಲೇ ಬೈಕ್ ನಿಲ್ಲಿಸಿ ಖಡಕ್ಕಾಗಿ ಅಂದ, "ಯಾಕ ಮುರೀತು ಅನ್ನೂದು ಗೊತ್ತಾಗೂ ಮಟ ಈ ಸಂಬಂಧ ಬ್ಯಾಡ."

"ಹಿಂದಿಂದು ಕೆದಕಬಾರದು ಅಂತ ನಿನ್ನೆ ಒದರ್ಯಾಡಿದವ ನೀನ ಅಲ್ಲೇನಲೇ?"

"ಅದು ಸಿನಿಮಾ. ಇದು ನನ್ನ ಮಗಳ ಬಾಳೇವು."

ಅವನು ಹೇಳಿದ್ದು ತಪ್ಪೇ? ಅಲ್ಲ. ಸಿನಿಮಾ ಕೆಟ್ಟರೆ ಟಿಕೆಟ್ ದುಡ್ಡು ಹೋಗುತ್ತದೆ. ಮದುವೆ ಕೆಟ್ಟರೆ? ಕೇಳಲೇಬೇಕಾದದ್ದನ್ನು ಕೇಳದೆ ಮಗಳನ್ನು ಕೊಟ್ಟು ಆಮೇಲೆ ಅತ್ತವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಯಾರನ್ನು ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು? ಈ ಗೆರೆಯನ್ನು ಮಾತ್ರ ನಮಗೆ ಯಾರೂ ಕಲಿಸಿಲ್ಲ. ಗೆರೆ ಬಲ್ಲವಳು ಒಬ್ಬಳು ಕಟ್ಟೆಯ ಮೇಲೆ ಕುಳಿತಿದ್ದಳು. ಅವಳು ಹೇಳದೆ ಬಿಟ್ಟದ್ದನ್ನೇ ಇವನು ಅನುಮಾನ ಅಂದುಕೊಂಡ. ನನಗೆ ಅದೇ ಆ ಮನೆಯ ಗುಣ ಅನ್ನಿಸಿತು.

ಸಂಜೆ ಕೋರ್ಟಿನಿಂದ ಬಂದ ಶ್ವೇತಾಳ ಮುಂದೆ ಅಪ್ಪ ಎಲ್ಲ ಹೇಳಿ, ಸಂಬಂಧ ಬೇಡ ಅಂದ. ಅವಳು ಚಪ್ಪಲಿ ಬಿಡುತ್ತಲೇ ಅಂದಳು, "ನನಗ ಗೊತ್ತೈತಪ್ಪ. ಮೊದಲನೇ ಸಲ ಭೆಟ್ಟಿ ಆದಾಗ ಅವರ ಹೇಳ್ಯಾರ."

"ಯಾಕ ಮುರೀತಂತ?"

"ಅದನ್ನೂ ಹೇಳ್ಯಾರ. ಕುಡಿತ ಅಲ್ಲ, ಹೊಡೆತ ಅಲ್ಲ, ವರದಕ್ಷಿಣಿ ಅಲ್ಲ, ಜಡ್ಡೂ ಅಲ್ಲ. ಅಪ್ಪಗ ಗೊತ್ತಾಗಬೇಕಾಗಿದ್ದು ಇಷ್ಟ. ಉಳಿದಿದ್ದು ನನ್ನ ನಂಬಿ ಹೇಳಿದ್ದು. ನಾ ಬಾಯಿ ಬಿಡಂಗಿಲ್ಲ."

"ಅಪ್ಪನ ಮುಂದನೂ?"

"ನಿನ್ನ ಮುಂದನೂ."

ಚನ್ನಬಸು ಮಗಳ ಮುಖ ನೋಡಿದ, ನೆಲ ನೋಡಿದ, ಮತ್ತೆ ಮುಖ ನೋಡಿದ. ಕೊನೆಗೆ ಅಂದ, "ಆತವಾ. ಬರೂ ರವಿವಾರ ಬರ್ರಿ ಅಂತ ಹೇಳು ಅವರಿಗೆ."

ನನ್ನನ್ನು ಕಳಿಸಲು ಗೇಟಿನವರೆಗೆ ಬಂದವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ, "ಆದ್ರೂ ದೋಸ್ತ, ಯಾಕ ಮುರಿದಿರಬೇಕು?"

ಮಗಳಿಗೆ ಗೊತ್ತಿದ್ದರೆ ಸಾಕು ಅನ್ನುವುದನ್ನು ಒಪ್ಪಿಕೊಳ್ಳಲು ಅಪ್ಪಂದಿರಾದ ನಮಗೆ ಯಾಕೆ ಇಷ್ಟು ಕಷ್ಟ?